ತಿಂದದ್ದನ್ನು ವಾಂತಿ ಮಾಡಿಕೊಳ್ಳುವ ಕಾಯಿಲೆ: ಬುಲಿಮಿಯಾ ಬಗ್ಗೆ ತಿಳಿದುಕೊಳ್ಳಿ

ರೋಗಿಗಳಿಗೆ ಹಾಗೂ ಜೊತೆಗೆ ಬಂದಿರುವ ಬಂಧುಗಳಿಗೆ

ಯಾರಿಗೂ ಕಾಣದಂತೆ ಮಿತಿಮೀರಿ ತಿನ್ನುವುದು, ತಿಂದ ಮೇಲೆ ಗಾಬರಿಯಾಗಿ ಅದನ್ನು ವಾಂತಿ ಮಾಡಿ ಹೊರಹಾಕುವುದು, ಇನ್ನು ಹೀಗೆ ಮಾಡುವುದಿಲ್ಲ ಎಂದು ಆಣೆ ಇಟ್ಟುಕೊಂಡು ಮತ್ತೆ ಎರಡು ದಿನಕ್ಕೆ ಅದನ್ನೇ ಮಾಡುವುದು ಒಂದು ಕಾಯಿಲೆ. ಇದಕ್ಕೆ ಬುಲಿಮಿಯಾ ನರ್ವೋಸಾ ಎಂದು ಹೆಸರು. ಬುಲಿಮಿಯಾ ಎಂಬುದು ಗ್ರೀಕ್ ಮೂಲದ ಮಾತು, ಎತ್ತಿನ ಹಸಿವು ಎಂದು ಅದರ ಅರ್ಥ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಮನೋವೈದ್ಯ ಜೆರಾಲ್ಡ್ ರಸೆಲ್ ಅವರು 1979ರಲ್ಲಿ 30 ರೋಗಿಗಳ ವಿವರವನ್ನು ಪ್ರಕಟಿಸಿ ಇದನ್ನು ಬೇರೆಯೇ ಒಂದು ಕಾಯಿಲೆ ಎಂದು ಮೊದಲು ಗುರುತಿಸಿದರು.

ನಮ್ಮ ಆಸ್ಪತ್ರೆಗಳಿಗೆ ಈ ಕಾಯಿಲೆ ಈ ಹೆಸರಿನಲ್ಲಿ ಬರುವುದು ಅಪರೂಪ. ಕೈಕಾಲು ಸೆಳೆತ, ಸುಸ್ತು, ಎದೆ ಡವಡವ, ಹುಳಿತೇಗು, ತಲೆಸುತ್ತು ಎಂದು ಬರುತ್ತಾರೆ. ಕೆಲವರು ಹಲ್ಲಿನ ಡಾಕ್ಟರ ಹತ್ತಿರ ಮೊದಲು ಹೋಗುತ್ತಾರೆ. ಜೊತೆಗೆ ಬಂದ ತಾಯಿ, "ಸಿಸ್ಟರ್, ಊಟ ಚಲೋನೇ ಮಾಡ್ತಾಳ್ರೀ, ತೂಕನೂ ಕಮ್ಮಿ ಆಗಿಲ್ಲ, ಆದ್ರೂ ಯಾಕ್ರೀ ಇಷ್ಟು ನಿತ್ರಾಣ?" ಎಂದು ಕೇಳುತ್ತಾರೆ. ಅವರ ಆ ಪ್ರಶ್ನೆಗೆ ಉತ್ತರವಾಗಿ ಈ ಪತ್ರಿಕೆ ಬರೆದಿದ್ದೇವೆ.

ಮೊದಲೇ ಒಂದು ಮಾತು. ಊಟವಾದ ಮೇಲೆ ವಾಂತಿಯಾಗುವ ಎಲ್ಲರಿಗೂ ಬುಲಿಮಿಯಾ ಇದೆ ಎಂದು ತಿಳಿಯಬೇಡಿ. ಬಸಿರಿನಲ್ಲಿ, ಜಠರದ ಹುಣ್ಣಿನಲ್ಲಿ, ಪಿತ್ತಕೋಶದ ಕಲ್ಲಿನಲ್ಲಿ, ಕ್ಷಯದ ಮಾತ್ರೆ ತೆಗೆದುಕೊಳ್ಳುವಾಗ ವಾಂತಿ ತಾನಾಗಿ ಬರುತ್ತದೆ. ಬುಲಿಮಿಯಾದಲ್ಲಿ ತೂಕ ಹೆಚ್ಚೀತು ಎಂಬ ಭಯದಿಂದ ರೋಗಿಯೇ ವಾಂತಿ ತಂದುಕೊಳ್ಳುತ್ತಾರೆ. ಕೆಲವರು ವಾಂತಿಯ ಬದಲು ಭೇದಿ ಮಾತ್ರೆ ನುಂಗುತ್ತಾರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ, ದಿನಗಟ್ಟಲೆ ಉಪವಾಸ ಇರುತ್ತಾರೆ ಅಥವಾ ಮೈ ಮುರಿಯುವಷ್ಟು ವ್ಯಾಯಾಮ ಮಾಡುತ್ತಾರೆ. ವಾರಕ್ಕೆ ಒಂದು ಸಲವಾದರೂ ಹೀಗೆ ಮೂರು ತಿಂಗಳು ನಡೆದರೆ ಬುಲಿಮಿಯಾ ಎನ್ನುತ್ತಾರೆ. ಹಿಂದೆ ವಾರಕ್ಕೆ ಎರಡು ಸಲ ಎಂಬ ಲೆಕ್ಕವಿತ್ತು, ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಅದನ್ನು ಒಂದಕ್ಕೆ ಇಳಿಸಿತು. ಈ ಲೆಕ್ಕ ವೈದ್ಯರಿಗಾಗಿ ಇರುವುದು. ಮನೆಯವರು ಲೆಕ್ಕ ತುಂಬಲಿ ಎಂದು ಕಾಯುವುದು ಬೇಡ.

ತೂಕ ನೋಡಿದರೆ ತಿಳಿಯುವುದಿಲ್ಲ

ಊಟ ಬಿಟ್ಟು ಎಲುಬು ಕಾಣುವಷ್ಟು ಬಡವಾಗುವ ಕಾಯಿಲೆ ಬೇರೆ, ಅದಕ್ಕೆ ಅನೊರೆಕ್ಸಿಯಾ ಎನ್ನುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ. ಬುಲಿಮಿಯಾ ಇರುವವರ ತೂಕ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಕೆಲವರದು ಸ್ವಲ್ಪ ಹೆಚ್ಚೇ ಇರುತ್ತದೆ. ಎಲ್ಲರ ಎದುರಿಗೆ ಅಳತೆಯಲ್ಲಿ ಉಣ್ಣುತ್ತಾರೆ, ನಗುತ್ತಾರೆ, ಕೆಲಸ ಮಾಡುತ್ತಾರೆ.

ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರಿಗೆ ಈ ಕಾಯಿಲೆ ಹಲವು ವರ್ಷ ಇತ್ತು. ಲೋಕದಲ್ಲಿ ಅವರಷ್ಟು ಫೋಟೋ ತೆಗೆಸಿಕೊಂಡ ಹೆಣ್ಣುಮಗಳು ಆ ಕಾಲದಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಆದರೂ ಅಷ್ಟು ಕ್ಯಾಮರಾಗಳಿಗೆ ಇದು ಕಾಣಲಿಲ್ಲ. 1995ರ ನವೆಂಬರಿನಲ್ಲಿ ಬಿಬಿಸಿ ಟಿವಿಯ ಸಂದರ್ಶನದಲ್ಲಿ ಅವರೇ ಅದನ್ನು ಬಾಯಿಬಿಟ್ಟು ಹೇಳಿದರು. ತೂಕ ಹಾಗೆಯೇ ಇರುವುದರಿಂದ ಏನೂ ಆಗಿಲ್ಲವೆಂದು ಎಲ್ಲರ ಮುಂದೆ ನಟಿಸಬಹುದು ಎಂಬುದು ಅವರ ಮಾತಿನ ತಾತ್ಪರ್ಯ. ಗಂಡಸರಿಗೂ ಇದು ಬರುತ್ತದೆ. 1997ರಿಂದ 2007ರವರೆಗೆ ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ಜಾನ್ ಪ್ರೆಸ್ಕಾಟ್ ಮೈತುಂಬಿದ ಆಳು. ಕೆಲಸದ ಒತ್ತಡದಲ್ಲಿ ತಮಗೆ ವರ್ಷಗಟ್ಟಲೆ ಈ ಕಾಯಿಲೆ ಇತ್ತೆಂದು 2008ರಲ್ಲಿ ಬಹಿರಂಗವಾಗಿ ತಿಳಿಸಿದರು. ಹಣ, ಅಧಿಕಾರ, ವಿದ್ಯೆ ಯಾವುದೂ ಇದನ್ನು ತಡೆಯುವುದಿಲ್ಲ ಎಂದು ತಿಳಿಸಲು ಈ ಇಬ್ಬರ ಹೆಸರು ಹೇಳಿದ್ದೇವೆ. ನಮ್ಮ ಕಡೆ ಹಾಸ್ಟೆಲ್ಲಿನಲ್ಲಿ ಓದುವ ಮಕ್ಕಳು, ಹೆರಿಗೆಯಾದ ಮೇಲೆ ಮೈ ಬಂದ ಸೊಸೆಯಂದಿರು, ಹೆಣ್ಣು ನೋಡಲು ಬಂದವರಿಂದ "ಹುಡುಗಿ ಸ್ವಲ್ಪ ದಪ್ಪ" ಎನ್ನಿಸಿಕೊಂಡವರು, ಇವರ ಕಡೆ ಗಮನ ಇರಲಿ.

ಯಾಕೆ ಹೀಗಾಗುತ್ತದೆ?

"ಬಾಯಿ ಕಟ್ಟಿಕೊಳ್ಳಲಿಕ್ಕೆ ಬರೂದಿಲ್ಲ, ನಾಲಿಗೆ ಚಪಲ" ಎಂದು ಹಿರಿಯರು ಬೈಯುತ್ತಾರೆ. ವಿಷಯ ಇದಕ್ಕೆ ತದ್ವಿರುದ್ಧ. ಈ ಕಾಯಿಲೆ ಬಹಳ ಸಲ ಬಾಯಿ ಕಟ್ಟುವುದರಿಂದಲೇ ಶುರುವಾಗುತ್ತದೆ.

1944-45ರಲ್ಲಿ ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯಿಂದಲೇ, ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಅವರ ತೂಕ ಸುಮಾರು ಕಾಲು ಭಾಗ ಇಳಿಯಿತು. ಹಗಲಿರುಳು ಊಟದ್ದೇ ಯೋಚನೆ ಹತ್ತಿತು. ಅಡಿಗೆ ಪುಸ್ತಕ ಓದುತ್ತ ಕುಳಿತರು. ಮುಂದೆ ಊಟ ಹೆಚ್ಚಿಸಿದಾಗ ಅವರಲ್ಲಿ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿಯಾಗಲಿಲ್ಲ. ಅದಕ್ಕೆ ಮೊದಲು ಅವರು ಎಲ್ಲರಂತೆ ಉಣ್ಣುತ್ತಿದ್ದವರು. ಹಸಿದ ಶರೀರ ಅವಕಾಶ ಸಿಕ್ಕ ಕೂಡಲೇ ಮಿತಿಮೀರಿ ತಿನ್ನುವಂತೆ ಮಾಡುತ್ತದೆ ಎಂದು ಇದರಿಂದ ತಿಳಿಯುತ್ತದೆ.

ಮನೆಯಲ್ಲಿ ನಡೆಯುವುದೂ ಇದೇ. ತೂಕ ಇಳಿಸಬೇಕೆಂದು ಬೆಳಗಿನ ನಾಷ್ಟಾ ಬಿಡುತ್ತಾಳೆ, ಮಧ್ಯಾಹ್ನ ಅರ್ಧ ರೊಟ್ಟಿ ತಿನ್ನುತ್ತಾಳೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹಸಿವು ಕೆರಳುತ್ತದೆ. ಡಬ್ಬಿಯ ಚೂಡಾ, ಬಿಸ್ಕಿಟ್, ಉಳಿದ ಅನ್ನ, ಹಬ್ಬದ ಉಂಡಿ, ಕೈಗೆ ಸಿಕ್ಕದ್ದನ್ನು ರುಚಿ ನೋಡದೆ ನುಂಗುತ್ತಾಳೆ. ಆ ಹೊತ್ತಿನಲ್ಲಿ ಕೈ ತನ್ನ ಮಾತು ಕೇಳುವುದಿಲ್ಲ ಎಂದು ರೋಗಿಗಳು ಹೇಳುತ್ತಾರೆ. ಆಮೇಲೆ ನಾಚಿಕೆ, ಭಯ, ವಾಂತಿ. ಮರುದಿನ ಪ್ರಾಯಶ್ಚಿತ್ತವೆಂಬಂತೆ ಮತ್ತೆ ಉಪವಾಸ. ಆ ಉಪವಾಸವೇ ಮುಂದಿನ ರಾತ್ರಿಯ ಹಸಿವನ್ನು ತರುತ್ತದೆ. ಇದರ ಜೊತೆ ಪರೀಕ್ಷೆಯ ಭಯ, ಗಂಡನ ಮನೆಯ ಮಾತು, ದುಃಖ, ಖಿನ್ನತೆ ಸೇರಿದರೆ ಗಂಟು ಬಿಗಿಯಾಗುತ್ತದೆ.

ವ್ರತ ಉಪವಾಸಗಳ ಬಗ್ಗೆ ಇಲ್ಲಿ ಹೇಳಲೇಬೇಕು. ಶ್ರಾವಣ ಸೋಮವಾರ, ಶಿವರಾತ್ರಿ ಎಂದು ಭಕ್ತಿಯಿಂದ ಒಂದು ದಿನ ಒಪ್ಪತ್ತು ಇರುವುದರಲ್ಲಿ ಆರೋಗ್ಯವಂತರಿಗೆ ತೊಂದರೆ ಇಲ್ಲ. ಈ ಕಾಯಿಲೆ ಇರುವವರು ಮಾತ್ರ ಗುಣವಾಗುವವರೆಗೆ ಉಪವಾಸ ಮಾಡಬಾರದು. ಮನೆಯ ಹಿರಿಯರೇ "ಈ ವರ್ಷ ಬ್ಯಾಡವ್ವಾ, ನೀ ಉಂಡು ಪೂಜಿ ಮಾಡು" ಎಂದರೆ ಅವಳಿಗೆ ದೊಡ್ಡ ಭಾರ ಇಳಿದಂತಾಗುತ್ತದೆ.

ಒಳಗೆ ಆಗುವ ಹಾನಿ

ವಾಂತಿಯಿಂದ ಜಠರದ ಆಮ್ಲ ಮೇಲೆ ಬರುತ್ತದೆ. ಹಲ್ಲಿನ ಮೇಲ್ಪದರ ಕರಗುತ್ತದೆ, ಅದರಲ್ಲೂ ಮೇಲಿನ ಮುಂದಿನ ಹಲ್ಲುಗಳ ಹಿಂಬದಿ ತೆಳುವಾಗಿ, ತಣ್ಣೀರು ಕುಡಿದರೂ ಜುಂ ಎನ್ನುತ್ತದೆ. ಗಂಟಲು ಕೆರೆಯುತ್ತದೆ. ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗಳು ಊದಿ ಮುಖ ದುಂಡಗೆ ಕಾಣುತ್ತದೆ. ಅದನ್ನು ನೋಡಿ ರೋಗಿ ತಾನು ದಪ್ಪಗಾದೆನೆಂದು ತಿಳಿದು ಇನ್ನಷ್ಟು ವಾಂತಿ ಮಾಡುವುದುಂಟು. ವಾಂತಿಯಾದ ಕೂಡಲೇ ಹಲ್ಲು ಉಜ್ಜಬೇಡಿ. ಆಮ್ಲದಿಂದ ಮೆತ್ತಗಾದ ಹಲ್ಲು ಬ್ರಷ್ಷಿಗೆ ಸವೆಯುತ್ತದೆ. ನೀರಿಗೆ ಒಂದು ಚಿಟಿಕೆ ಅಡಿಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಒಂದು ತಾಸು ಬಿಟ್ಟು ಉಜ್ಜಿ. ಜೋರು ವಾಂತಿಗೆ ಅನ್ನನಾಳದ ಒಳಗೋಡೆ ಸೀಳಿ ರಕ್ತ ಬರಬಹುದು. ಅಪರೂಪಕ್ಕೆ ಅನ್ನನಾಳವೇ ಒಡೆಯುತ್ತದೆ, ಅದು ಪ್ರಾಣಕ್ಕೆ ಅಪಾಯ. ಮುಟ್ಟು ಏರುಪೇರಾಗುವುದೂ ಉಂಟು.

ಇವೆಲ್ಲಕ್ಕಿಂತ ನಾವು ಹೆದರುವುದು ಪೊಟ್ಯಾಷಿಯಂ ಎಂಬ ಲವಣ ಇಳಿಯುವುದಕ್ಕೆ. ಹೃದಯವೂ ಸೇರಿದಂತೆ ಎಲ್ಲ ಸ್ನಾಯುಗಳು ಸರಿಯಾಗಿ ಕೆಲಸ ಮಾಡಲು ಇದು ಬೇಕು. ಆರೋಗ್ಯವಂತರ ರಕ್ತದಲ್ಲಿ ಇದರ ಅಳತೆ ಸುಮಾರು 3.5ರಿಂದ 5 ಇರುತ್ತದೆ. ನಿಮ್ಮ ಲ್ಯಾಬ್ ಚೀಟಿಯಲ್ಲಿ ಸೋಡಿಯಂನ ಹತ್ತಿರವೇ ಇದನ್ನು ಬರೆದಿರುತ್ತಾರೆ. ಪದೇ ಪದೇ ವಾಂತಿಯಾದಾಗ ಮೈಯ ನೀರು, ಉಪ್ಪು, ಆಮ್ಲ ಹೊರಗೆ ಹೋಗುತ್ತವೆ. ಮೂತ್ರಪಿಂಡ ಉಳಿದ ನೀರು ಮತ್ತು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳಲು ಹೋಗಿ ಪೊಟ್ಯಾಷಿಯಂ ಅನ್ನು ಮೂತ್ರದಲ್ಲಿ ಬಿಟ್ಟುಕೊಡುತ್ತದೆ. ಭೇದಿ ಮಾತ್ರೆಯಿಂದ ಮಲದಲ್ಲಿ, ಮೂತ್ರದ ಮಾತ್ರೆಯಿಂದ ಮೂತ್ರದಲ್ಲಿ ಇನ್ನಷ್ಟು ಹೋಗುತ್ತದೆ. ಮೂರೂ ಸೇರಿದರೆ ಹೇಳುವುದೇ ಬೇಡ.

ಪೊಟ್ಯಾಷಿಯಂ ಇಳಿದಾಗ ಮೊದಲು ಸುಸ್ತು, ಮಲಬದ್ಧತೆ, ಕಾಲಿನ ಮೀನಖಂಡ ಹಿಡಿಯುವುದು, ಮೆಟ್ಟಿಲು ಹತ್ತಲು ಆಗದಿರುವುದು ಕಾಣುತ್ತದೆ. ಇನ್ನೂ ಇಳಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಒಮ್ಮೆಲೇ ನಿಲ್ಲಲೂಬಹುದು. ನಿನ್ನೆ ಕಾಲೇಜಿಗೆ ಹೋಗಿ ಬಂದ, ಚೆನ್ನಾಗಿಯೇ ಕಾಣುವ ಹುಡುಗಿಗೂ ಇದು ಆಗಬಹುದು. ಅದಕ್ಕೇ ವೈದ್ಯರು ರಕ್ತ ಪರೀಕ್ಷೆ ಮತ್ತು ಇಸಿಜಿ ಬರೆದುಕೊಟ್ಟಾಗ "ಬರೇ ವಾಂತಿಗೆ ಇಷ್ಟೆಲ್ಲ ಯಾಕ್ರೀ" ಎನ್ನದೆ ಮಾಡಿಸಿ.

ಸುಸ್ತಾಗಿದೆ ಎಂದು ಹಾದಿಯಲ್ಲಿ ಎಲ್ಲೋ ಒಂದು ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವ ರೂಢಿ ನಮ್ಮಲ್ಲಿದೆ. ಪೊಟ್ಯಾಷಿಯಂ ಕಡಿಮೆ ಇರುವವರಿಗೆ ಬರೀ ಗ್ಲೂಕೋಸ್ ಹೋದರೆ ರಕ್ತದಲ್ಲಿರುವ ಅಷ್ಟಿಷ್ಟು ಪೊಟ್ಯಾಷಿಯಂ ಜೀವಕೋಶಗಳ ಒಳಗೆ ಸೇರಿ ಅಳತೆ ಇನ್ನೂ ಇಳಿಯುತ್ತದೆ. ಪರೀಕ್ಷೆ ಮಾಡಿಸದೆ ಬಾಟಲಿ ಹಾಕಿಸಬೇಡಿ. ಎಳನೀರು, ಬಾಳೆಹಣ್ಣು ಒಳ್ಳೆಯವೇ, ಆದರೆ ಬಹಳ ಇಳಿದ ಪೊಟ್ಯಾಷಿಯಂ ಅವುಗಳಿಂದ ಏರುವುದಿಲ್ಲ. ವಾರ್ಡಿನಲ್ಲಿ ಪೊಟ್ಯಾಷಿಯಂ ಬೆರೆಸಿದ ಸಲೈನ್ ಹಚ್ಚಿದಾಗ ಅದು ಹನಿ ಹನಿಯಾಗಿ ತಾಸುಗಟ್ಟಲೆ ಹೋಗಬೇಕು. ಒಮ್ಮೆಲೇ ಹೋದರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ಬೇಗ ಮುಗಿಯಲಿ ಎಂದು ಬಂಧುಗಳು ನಳಿಕೆಯ ಗಾಲಿಯನ್ನು ತಿರುಗಿಸಬಾರದು. ಹನಿ ನಿಂತಂತೆ ಕಂಡರೆ ಸಿಸ್ಟರನ್ನು ಕರೆಯಿರಿ. ರಾತ್ರಿ ಎರಡು ಗಂಟೆಯಾದರೂ ಕರೆಯಿರಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇಷ್ಟೆಲ್ಲ ಕಷ್ಟಪಟ್ಟರೂ ತೂಕ ಇಳಿಯುತ್ತದೆಯೇ ಎಂದರೆ ಅದೂ ಇಲ್ಲ. ವಾಂತಿಯಾಗುವ ಹೊತ್ತಿಗೆ ತಿಂದದ್ದರಲ್ಲಿ ಸಾಕಷ್ಟು ಭಾಗ ಮುಂದೆ ಹೋಗಿರುತ್ತದೆ. ಭೇದಿ ಮಾತ್ರೆ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಆಹಾರದ ಸತ್ವ ಅದಕ್ಕೆ ಮೊದಲೇ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರಿರುತ್ತದೆ. ತಕ್ಕಡಿಯಲ್ಲಿ ಕಡಿಮೆ ಕಾಣುವುದು ನೀರು ಮಾತ್ರ, ಅದು ಮರುದಿನ ಮರಳಿ ಬರುತ್ತದೆ.

ಬೇರೆ ಕಾಯಿಲೆ ಇರುವವರು ಇನ್ನೂ ಎಚ್ಚರ ವಹಿಸಬೇಕು. ಮೂರ್ಛೆರೋಗದ ಮಾತ್ರೆ, ಬಿ.ಪಿ. ಮಾತ್ರೆ ವಾಂತಿಯಲ್ಲಿ ಹೋದರೆ ಕೆಲಸ ಮಾಡುವುದಿಲ್ಲ. ಇನ್ಸುಲಿನ್ ಮೇಲೆಯೇ ಇರುವ ಸಕ್ಕರೆ ಕಾಯಿಲೆಯ ಮಕ್ಕಳು ತೂಕ ಇಳಿಸಲು ಇನ್ಸುಲಿನ್ ತಪ್ಪಿಸಿದರೆ ಒಂದೆರಡು ದಿನಗಳಲ್ಲೇ ಪ್ರಾಣಕ್ಕೆ ಕುತ್ತು ಬರಬಹುದು. ಬಸಿರಿಯಾಗಿದ್ದರೆ ಹೆರಿಗೆ ವೈದ್ಯರಿಗೆ ಹೇಳದೆ ಇರಬೇಡಿ.

ಬಂಧುಗಳು ಗುರುತಿಸುವುದು ಹೇಗೆ, ಮಾತಾಡುವುದು ಹೇಗೆ?

ಊಟವಾದ ತಕ್ಷಣ ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ಹೊತ್ತು ಕಳೆಯುವುದು, ಡಬ್ಬಿಗಳಲ್ಲಿಟ್ಟ ತಿಂಡಿ ಒಮ್ಮೆಲೇ ಖಾಲಿಯಾಗುವುದು, ಭೇದಿ ಮಾತ್ರೆಯ ಖಾಲಿ ಪಟ್ಟಿ ಸಿಗುವುದು, ಕಣ್ಣು ಕೆಂಪಾಗಿ ಗಲ್ಲ ಊದಿರುವುದು, ಬೆರಳಿನ ಗೆಣ್ಣುಗಳ ಮೇಲೆ ಗಾಯದ ಕಲೆ ಇರುವುದು, ಇವು ಒಂದಕ್ಕಿಂತ ಹೆಚ್ಚು ಒಟ್ಟಿಗೆ ಕಂಡರೆ ಅನುಮಾನ ಪಡಬಹುದು. ಗೆಣ್ಣಿನ ಕಲೆಗೆ ರಸೆಲ್ ಅವರ ಹೆಸರನ್ನೇ ಇಟ್ಟಿದ್ದಾರೆ. ಹಲ್ಲು ತಗುಲಿ ತಗುಲಿ ಆಗುವ ಕಲೆ ಅದು.

ಅನುಮಾನ ಬಂದ ದಿನವೇ ಊಟದ ತಟ್ಟೆಯ ಮುಂದೆ ಕೇಳಬೇಡಿ. ಅತ್ತೆ, ನಾದಿನಿ, ಪಕ್ಕದ ಮನೆಯವರ ಎದುರಿಗಂತೂ ಬೇಡವೇ ಬೇಡ. ಊಟವನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುವ ಮನೆ ನಮ್ಮವು. ಅಂಥ ಮನೆಯಲ್ಲಿ "ಅನ್ನ ಚೆಲ್ಲಿದ್ರ ಪಾಪ ಬಡೀತದ" ಎಂಬ ಮಾತು ರೋಗಿಗೆ ಹೊಸದಲ್ಲ. ಆ ಮಾತನ್ನು ಅವಳು ಪ್ರತಿ ರಾತ್ರಿ ತನಗೆ ತಾನೇ ಹೇಳಿಕೊಂಡಿರುತ್ತಾಳೆ. ನಾಚಿಕೆ ಹೆಚ್ಚಾದಷ್ಟೂ ಅಡಗಿಸುವುದು ಹೆಚ್ಚಾಗುತ್ತದೆ.

ಇಬ್ಬರೇ ಇದ್ದಾಗ, ಸಮಾಧಾನದಿಂದ ಹೀಗೆ ಕೇಳಬಹುದು: "ಉಂಡ ಮ್ಯಾಲೆ ನಿನಗ ತ್ರಾಸ ಆಗ್ತದ ಅಂತ ನನಗ ಗೊತ್ತಾಗೇದವ್ವಾ. ನನಗ ಸಿಟ್ಟಿಲ್ಲ, ಹೆದರಿಕಿ ಆಗೇದ. ಇಬ್ರೂ ಕೂಡಿ ದವಾಖಾನಿಗೆ ಹೋಗೂಣು." ಮೊದಲ ಸಲ ಇಲ್ಲವೆನ್ನಬಹುದು, ಅಳಬಹುದು, ಸಿಟ್ಟಾಗಬಹುದು. ಬಿಟ್ಟುಬಿಡಿ, ವಾರ ಕಳೆದು ಮತ್ತೆ ಕೇಳಿ. ಬಚ್ಚಲ ಬಾಗಿಲಿಗೆ ಕಾವಲು ನಿಲ್ಲುವುದು, ಅಡಿಗೆ ಮನೆಗೆ ಬೀಗ ಹಾಕುವುದು ಪ್ರಯೋಜನಕ್ಕೆ ಬರುವುದಿಲ್ಲ. ಅದಕ್ಕಿಂತ ಎಲ್ಲರೂ ಕೂಡಿ ಉಂಡು, ಉಂಡ ಮೇಲೆ ಒಂದು ತಾಸು ಅವಳ ಜೊತೆ ಕೂಡಿರಿ. ಕಾಳು ಆರಿಸಿ, ಧಾರಾವಾಹಿ ನೋಡಿ, ಏನಾದರೂ ಮಾತಾಡಿ. ವಾಂತಿ ಮಾಡಬೇಕೆನಿಸುವ ತವಕ ಆ ಹೊತ್ತಿನಲ್ಲೇ ಜೋರಾಗಿದ್ದು ಆಮೇಲೆ ಇಳಿಯುತ್ತದೆ. ಮನೆಯಲ್ಲಿ ಯಾರ ಮೈಕಟ್ಟಿನ ಬಗ್ಗೆಯೂ ಆಡಿಕೊಳ್ಳಬೇಡಿ. "ಈಗ ಮೈ ಹತ್ತಿ ಚಂದ ಕಾಣ್ತಿ" ಎಂಬ ಹೊಗಳಿಕೆಯೂ ಈ ರೋಗಿಗೆ ಚುಚ್ಚುತ್ತದೆ.

ಚಿಕಿತ್ಸೆ

ನೀವೇ ರೋಗಿಯಾಗಿದ್ದು ಇದನ್ನು ಓದುತ್ತಿದ್ದರೆ: ಈ ಕಾಯಿಲೆ ಗುಣವಾಗುತ್ತದೆ. ರೋಗಿಗಳನ್ನು ಹಲವು ವರ್ಷ ಗಮನಿಸಿದ ಅಧ್ಯಯನಗಳಲ್ಲಿ ಸುಮಾರು ಅರ್ಧದಷ್ಟು ಜನ ಪೂರ್ಣ ಗುಣ ಹೊಂದಿದ್ದಾರೆ, ಉಳಿದವರಲ್ಲೂ ಅನೇಕರಿಗೆ ಬಹಳ ಕಡಿಮೆಯಾಗಿದೆ. ನಡುವೆ ಒಂದೊಂದು ಸಲ ಮರುಕಳಿಸುವುದುಂಟು. ಒಂದು ರಾತ್ರಿ ತಪ್ಪಿತೆಂದು ಚಿಕಿತ್ಸೆ ಬಿಡಬೇಡಿ.

ಮುಖ್ಯ ಚಿಕಿತ್ಸೆ ಮಾತಿನದು. ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಈ ಆಪ್ತಸಮಾಲೋಚನೆಯನ್ನು ಸಿಬಿಟಿ ಎನ್ನುತ್ತಾರೆ. ಬುಲಿಮಿಯಾಕ್ಕೆ ಹೊಂದುವಂತೆ ಇದನ್ನು 1980ರ ದಶಕದಲ್ಲಿ ರೂಪಿಸಿದವರು ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್. ಸಾಮಾನ್ಯವಾಗಿ ನಾಲ್ಕೈದು ತಿಂಗಳಲ್ಲಿ 20 ಭೇಟಿ ಬೇಕಾಗುತ್ತವೆ. ಮೊದಲ ಕೆಲಸ ಊಟದ ಹೊತ್ತು ಸರಿಪಡಿಸುವುದು. ದಿನಕ್ಕೆ ಮೂರು ಊಟ, ನಡುವೆ ಎರಡು ಮೂರು ಸಲ ಸಣ್ಣ ತಿಂಡಿ, ನಾಲ್ಕು ತಾಸಿಗಿಂತ ಹೆಚ್ಚು ಹೊಟ್ಟೆ ಖಾಲಿ ಬಿಡಬಾರದು. ರಾತ್ರಿ ಹೆಚ್ಚು ತಿಂದಿದ್ದರೂ ಬೆಳಗಿನ ಉಪ್ಪಿಟ್ಟು ಬಿಡುವಂತಿಲ್ಲ. ಇದನ್ನು ಕೇಳಿ ರೋಗಿಗಳು ಬೆಚ್ಚುತ್ತಾರೆ, ದಪ್ಪಗಾಗುತ್ತೇನೆ ಎಂದು ಅಳುತ್ತಾರೆ. ಹೊಟ್ಟೆ ಹೊತ್ತಿಗೆ ಸರಿಯಾಗಿ ತುಂಬಿದಾಗ ರಾತ್ರಿಯ ಹಸಿವು ತಾನಾಗಿ ತಗ್ಗುವುದನ್ನು ಕೆಲವು ವಾರಗಳಲ್ಲಿ ಅವರೇ ಕಾಣುತ್ತಾರೆ. ಒಂದು ಪಟ್ಟಿ ಪುಸ್ತಕದಲ್ಲಿ ತಿಂದದ್ದು, ಹೊತ್ತು, ಆಗ ಮನಸ್ಸಿನಲ್ಲಿದ್ದದ್ದು ಬರೆದಿಡಲು ಹೇಳುತ್ತಾರೆ. ಅದನ್ನು ಮನೆಯವರು ತೆರೆದು ನೋಡಬಾರದು. ತೂಕ ವಾರಕ್ಕೆ ಒಂದೇ ಸಲ. ಹದಿಹರೆಯದ ಮಕ್ಕಳಾದರೆ ತಂದೆತಾಯಿಯನ್ನೂ ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುತ್ತಾರೆ.

ಮಾತ್ರೆಗಳಲ್ಲಿ ಫ್ಲುಯಾಕ್ಸಿಟಿನ್ ಎಂಬುದು ಮಿತಿಮೀರಿ ತಿನ್ನುವ ತವಕವನ್ನು ಕಡಿಮೆ ಮಾಡುತ್ತದೆ. ಖಿನ್ನತೆಗೆ ಕೊಡುವುದಕ್ಕಿಂತ ಇಲ್ಲಿ ಪ್ರಮಾಣ ಹೆಚ್ಚು, ಪರಿಣಾಮ ಕಾಣಲು ಕೆಲವು ವಾರ ಬೇಕು. ಮನೋವೈದ್ಯರು ಬರೆದುಕೊಡದೆ ಅಂಗಡಿಯಿಂದ ತರಬೇಡಿ, ತಾನಾಗಿ ನಿಲ್ಲಿಸಲೂಬೇಡಿ.

ವಾಂತಿ, ಭೇದಿ ಮಾತ್ರೆ ನಿಲ್ಲಿಸಿದ ಮೊದಲ ದಿನಗಳಲ್ಲಿ ಪಾದ, ಮುಖ ಊದಿಕೊಳ್ಳಬಹುದು, ಹೊಟ್ಟೆ ಉಬ್ಬರಿಸಬಹುದು, ತೂಕ ಎರಡು ಮೂರು ಕಿಲೋ ಏರಬಹುದು. ಅದು ಕೊಬ್ಬಲ್ಲ. ಒಣಗಿದ್ದ ಶರೀರ ನೀರು ಹಿಡಿದಿಟ್ಟುಕೊಳ್ಳುತ್ತಿರುತ್ತದೆ, ಕೆಲವು ವಾರಗಳಲ್ಲಿ ಇಳಿಯುತ್ತದೆ. ಈ ಒಂದು ಕಾರಣಕ್ಕೆ ಗಾಬರಿಯಾಗಿ ಹಳೆಯ ದಾರಿಗೆ ಮರಳುವವರು ಬಹಳ. ಮೊದಲೇ ತಿಳಿದಿದ್ದರೆ ತಡೆದುಕೊಳ್ಳಬಹುದು.

ಎಲ್ಲಿಗೆ, ಯಾವಾಗ ಬರಬೇಕು?

ಎದೆ ಬಡಿತ ತಪ್ಪಿದಂತಾದರೆ, ಎಚ್ಚರ ತಪ್ಪಿ ಬಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ವಾಂತಿಯಾದ ಮೇಲೆ ಎದೆಯಲ್ಲಿ ತೀವ್ರ ನೋವು ಬಂದರೆ, ಕೈಕಾಲು ಎತ್ತಲಾಗದಷ್ಟು ಬಲಹೀನವಾದರೆ ಬೆಳಗಿನ ಓಪಿಡಿಗೆ ಕಾಯದೆ ಯಾವ ಹೊತ್ತಿನಲ್ಲಾದರೂ ತುರ್ತು ವಿಭಾಗಕ್ಕೆ ಕರೆತನ್ನಿ, 108ಕ್ಕೆ ಫೋನ್ ಮಾಡಿ. "ಬದುಕು ಸಾಕಾಗಿದೆ" ಎಂಬ ಮಾತು ಬಾಯಲ್ಲಿ ಬಂದರೂ ಹಾಗೆಯೇ ಮಾಡಿ, ಒಬ್ಬರನ್ನೇ ಬಿಡಬೇಡಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಇಲ್ಲೆಲ್ಲ ಮನೋವೈದ್ಯರ ಸೇವೆ ಸಿಗುತ್ತದೆ.

ಹೊರಗೆ ತಿಳಿದರೆ ಮದುವೆಗೆ ಅಡ್ಡಿಯಾದೀತು ಎಂಬ ಅಂಜಿಕೆಯಿಂದ ಎಷ್ಟೋ ಮನೆಯವರು ತಡಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಬೇಕಾದ್ದು ನಮ್ಮ ಹೊಣೆ. ಚೀಟಿ ಮಾಡಿಸುವ ಕೌಂಟರಿನಲ್ಲಿ ಏನು ತೊಂದರೆ ಎಂದು ಕೇಳಿದರೆ "ವಾಂತಿ, ಸುಸ್ತು" ಎಂದಷ್ಟೇ ಹೇಳಿ. ಹಿಂದೆ ಸಾಲಿನಲ್ಲಿ ನಿಂತವರಿಗೆ ಅದಕ್ಕಿಂತ ಹೆಚ್ಚು ಕೇಳಿಸಬೇಕಾಗಿಲ್ಲ. ಉಳಿದದ್ದನ್ನು ಒಳಗೆ, ಪರದೆ ಎಳೆದ ಮೇಲೆ, ವೈದ್ಯರಿಗೋ ಸಿಸ್ಟರಿಗೋ ಹೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಖಾಲಿಯಾಗಿದ್ದರೂ ಸರಿ, ಚೀಲದಲ್ಲಿ ಹಾಕಿಕೊಂಡು ಬನ್ನಿ.